ಮಂದ ಎಣ್ಣೆಯ ಧೈರ್ಯ

ಇಂಜಿನ್ ಕೆಡುವ ಸದ್ದು ಡೆಲ್ಫಿಗೆ ಮೊದಲು ಕೇಳಿಸುತ್ತಿದ್ದುದು ಕಿವಿಯಲ್ಲಲ್ಲ, ಹಲ್ಲಿನ ಬುಡದಲ್ಲಿ. ಟ್ರ್ಯಾಕ್ಟರಾಗಲಿ, ಹುಲ್ಲು ಹೊರುವ ಮುದಿ ಟ್ರಕ್ಕಾಗಲಿ, ಅಂಗಳಕ್ಕೆ ಬಂದು ನಿಲ್ಲುವಷ್ಟರಲ್ಲಿ ಅವಳ ದವಡೆ ತಾನಾಗಿ ಬಿಗಿದುಕೊಳ್ಳುತ್ತಿತ್ತು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಇಂಜಿನ್ ಬಿಚ್ಚಿ ಜೋಡಿಸುವುದೇ ಅವಳ ಕಸುಬು. ರೇವನ್ ಘಾಟಿಯ ಟೆನ್ನೆಸಿ ಕಡೆಯ ತಪ್ಪಲಲ್ಲಿ ಯಾರ ಗಾಡಿ ಕೆಮ್ಮಿದರೂ ಅವಳ ಬಾಗಿಲಿಗೇ ಬರುತ್ತಿತ್ತು. ಆದರೆ ಹೋದ ವರ್ಷದ ವಸಂತದಲ್ಲಿ, ತಮ್ಮ ಹಾಲಿಸ್‌ನ ಕೆಂಪು ಕಾರು ಘಾಟಿಯ ಮೇಲೆ ಸತ್ತ ದಿನ, ಅವಳ ಹಲ್ಲು ಒಂದು ಮಾತೂ ಹೇಳಲಿಲ್ಲ.

ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಕಾರು ಅದು. ಕಾರ್ಖಾನೆಯಿಂದ ಬಂದಾಗ ಸಾಧುವಾಗಿದ್ದ ಅದರ ಪುಟ್ಟ ಇಂಜಿನ್ನಿಗೆ ಟರ್ಬೊ ಕೂರಿಸಿ, ಇಲ್ಲದ ರೋಷ ತುಂಬಿದವಳು ಡೆಲ್ಫಿಯೇ. ಹಾಲಿಸ್ ಅದರಲ್ಲಿ ದಿನಾ ಘಾಟಿ ಹತ್ತಿ ಇಳಿದು, ಕೆರೊಲಿನಾ ಕಡೆಯ ಮೀನುಮರಿ ಸಾಕುವ ಕೇಂದ್ರಕ್ಕೆ ಕೆಲಸಕ್ಕೆ ಹೋಗುತ್ತಿದ್ದ. ಒಂದು ಉದ್ದನೆಯ ಎಡತಿರುವಿನಲ್ಲಿ ಇಂಜಿನ್ನಿನ ತಳದ ಚೇಂಬರಿನಲ್ಲಿ ನಿಲ್ಲುವ ಎಣ್ಣೆಯೆಲ್ಲ ಒಂದು ಮೂಲೆಗೆ ಹರಿದುಹೋಗಿ, ಪಂಪು ಎಣ್ಣೆಯ ಬದಲು ಗಾಳಿ ಕುಡಿಯಿತು. ಬೇರಿಂಗು ಕರಗಿತು. ಇಂಜಿನ್ ಕಚ್ಚಿಕೊಂಡಿತು. ಹಿಂದಿನ ಚಕ್ರಗಳು ತಿರುಗುವುದನ್ನೇ ಮರೆತವು. ಕಾರು ರಸ್ತೆಯ ಅಂಚು ದಾಟಿ ಒಂದು ಹೆಮ್ಲಾಕ್ ಮರಕ್ಕೆ ಒರಗಿಕೊಂಡಿತು. ಆ ಮರ ಅಲ್ಲಿ ಬೆಳೆಯದೇ ಹೋಗಿದ್ದರೆ, ಕಾರನ್ನು ತಡೆಯಲು ಅದರ ಕೆಳಗೆ ಏನೂ ಇರಲಿಲ್ಲ. ಬಹಳ ಹೊತ್ತಿನವರೆಗೆ ಏನೂ ಇಲ್ಲ, ಆಮೇಲೆ ಹೊಳೆ.

ಹಾಲಿಸ್ ಭುಜದ ಎಲುಬು ಮುರಿದುಕೊಂಡು, ನಗುತ್ತಲೇ ಮನೆಗೆ ಬಂದ. "ಮರಕ್ಕೆ ಮುತ್ತು ಕೊಟ್ಟೆ ಅಷ್ಟೇ ಅಕ್ಕ. ಇನ್ನೊಂದು ಇಂಜಿನ್ ಕಟ್ಟಿಕೊಡು," ಎಂದ. ಡೆಲ್ಫಿ ನಗಲಿಲ್ಲ. ಅವತ್ತಿನಿಂದ ಅವಳು ಕಣ್ಣು ಮುಚ್ಚಿದರೆ ಸಾಕು, ಆ ಮರ ಕಾಣಿಸುತ್ತಿತ್ತು. ಕೆಲವು ಸಲ ಮರ ಅಲ್ಲಿ ಇರುತ್ತಿರಲಿಲ್ಲ.

ಅವಳು ಇನ್ನೊಂದು ಇಂಜಿನ್ ಕಟ್ಟಿದಳು. ಕಟ್ಟದಿದ್ದರೆ ಅವನು ಬೇರೆ ಯಾರ ಕೈಯಲ್ಲಾದರೂ ಕಟ್ಟಿಸಿಕೊಳ್ಳುತ್ತಿದ್ದ, ಆಗ ಅವಳ ಹೆದರಿಕೆಗೆ ಹಿಡಿದುಕೊಳ್ಳಲು ಒಂದು ಸ್ಪ್ಯಾನರೂ ಇರುತ್ತಿರಲಿಲ್ಲ. ಈ ಸಲ ಚೇಂಬರಿನೊಳಗೆ ಅಡ್ಡತಗಡುಗಳನ್ನು ಬೆಸುಗೆ ಹಾಕಿದಳು, ಎಂಥ ತಿರುವಿನಲ್ಲೂ ಎಣ್ಣೆ ಪಂಪಿನ ಬಾಯಿ ಬಿಟ್ಟು ಓಡದ ಹಾಗೆ. ಬೇರಿಂಗುಗಳನ್ನು ಒಂದೊಂದಾಗಿ ಅಳೆದು, ಮದುವೆಯ ಉಂಗುರದಷ್ಟು ಬಿಗಿಯಾಗಿ ಕೂರಿಸಿದಳು. ಅಷ್ಟು ಬಿಗಿ ಜಾಗದೊಳಗೆ ತೆಳುವಾದ ಎಣ್ಣೆ ಮಾತ್ರ ಸಲೀಸಾಗಿ ನುಸುಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೋದ ಸಲದ ತಪ್ಪು ಚೇಂಬರಿನದೇ ಹೊರತು ಎಣ್ಣೆಯದಲ್ಲ ಎನ್ನುವುದೂ ಗೊತ್ತಿತ್ತು. ತಲೆಗೆ ಗೊತ್ತಿತ್ತು. ಎದೆ ಮಾತ್ರ ಬೇರೆಯದೇ ಹಟ ಹಿಡಿದಿತ್ತು. ಅವತ್ತು ಆ ಇಂಜಿನ್ನಿನಲ್ಲಿ ಇದ್ದದ್ದು ತೆಳು ಎಣ್ಣೆ. ನೀರಿನ ಹಾಗೆ ತೆಳು. ಅದೇ ಅವನನ್ನು ಕೈಬಿಟ್ಟದ್ದು.

ಶನಿವಾರ ಬೆಳಿಗ್ಗೆ ನೆಟ್ಟಿಯ ಹೋಟೆಲಿನಲ್ಲಿ ಕೂತಿದ್ದಾಗ ಆ ಮಾತೇ ಬಂತು. ಊರಿನಲ್ಲಿ ಇಗರ್ಜಿಗಳು ಎರಡೇ, ಎಣ್ಣೆಯ ಪಂಥಗಳು ಮಾತ್ರ ತಲೆಗೊಂದು.

"ಘಾಟಿ ಹತ್ತೋ ಇಂಜಿನ್ನಿಗೆ ಮಂದ ಆಯಿಲ್ಲೇ ಬೇಕು ಕಣಮ್ಮ," ಎಂದರು ವರ್ಲಿನ್ ಮಾವ, ಬನ್ನಿನಂಥ ಮೆತ್ತನೆಯ ಬಿಸ್ಕತ್ತಿನ ಮೇಲೆ ಬಿಸಿ ಗ್ರೇವಿ ಸುರಿದುಕೊಳ್ಳುತ್ತ. ಅವರು ಅಜ್ಜಿಯ ಕಡೆಯ ನೆಂಟರು, ಊರಿನ ಎಲ್ಲ ಬಾನೆಟ್ಟುಗಳ ಒಳಗೂ ತಲೆ ಹಾಕಿದವರು. "ನಮ್ಮಪ್ಪ ಕಳ್ಳಭಟ್ಟಿ ಸಾಗಿಸ್ತಿದ್ದ ಕಾಲದಲ್ಲಿ ಜೇನುತುಪ್ಪದಂಥ ಆಯಿಲ್ ಹಾಕ್ತಿದ್ದ. ಒಂದು ದಿನಾನೂ ಪೊಲೀಸರ ಕೈಗೆ ಸಿಗಲಿಲ್ಲ."

"ಸಿಗದೇ ಏನು, ಎರಡು ಸಲ ಜೈಲಿಗೆ ಹೋಗಿಬಂದ," ಎಂದ ಪಕ್ಕದ ಮೇಜಿನ ಎನಿಸ್.

"ಅದು ಇಂಜಿನ್ ಕೆಟ್ಟು ಅಲ್ಲವಲ್ಲ. ನಮ್ಮಮ್ಮನೇ ಹಿಡಿದುಕೊಟ್ಟಿದ್ದು."

ಎನಿಸ್ ತೆಳು ಎಣ್ಣೆಯ ಪಂಥದವನು. "ಈಗಿನ ಇಂಜಿನ್ನು ತೆಳೂನೇ ಕೇಳೋದು. ಪುಸ್ತಕದಲ್ಲಿ ಬರೆದಿದೆ, ಬೇಕಾದ್ರೆ ತಂದು ತೋರಿಸ್ತೀನಿ."

"ಪುಸ್ತಕ ಬರೆದೋನು ರೇವನ್ ಘಾಟಿ ಹತ್ತಿದಾನೇನಯ್ಯ?"

"ನಿಮಗೆ ಕಾಫಿ ಬೇಕೋ ಆಯಿಲ್ ಬೇಕೋ, ಮೊದಲು ಹೇಳಿ," ಎಂದಳು ನೆಟ್ಟಿ ಕೆಟಲ್ ಹಿಡಿದು ನಿಂತು. "ನನ್ನ ಹತ್ರ ಎರಡೂ ಇದರಲ್ಲೇ ಇದೆ."

ಎಲ್ಲರೂ ನಕ್ಕರು. ಡೆಲ್ಫಿ ತಟ್ಟೆ ಕಡೆ ನೋಡುತ್ತ ಕೇಳಿದಳು: "ಮಾವ, ಮಂದ ಹಾಕಿದ್ರೆ ಒತ್ತಡದ ಮುಳ್ಳು ಮೇಲೆ ನಿಲ್ಲುತ್ತಲ್ವಾ?"

"ನಿಲ್ಲುತ್ತಾ ಅಂದ್ರೆ? ಬಾವುಟದ ಕಂಬದ ಹಾಗೆ ನಿಲ್ಲುತ್ತೆ ಮಗಳೇ."

ಅವಳಿಗೆ ಬೇಕಿದ್ದುದು ಅಷ್ಟೇ ಮಾತು. ಹಾಲಿಸ್‌ನ ಸ್ಟೇರಿಂಗಿನ ಪಕ್ಕದಲ್ಲಿ ಅವಳೇ ಕೂರಿಸಿದ್ದ ಒಂದು ದುಂಡು ಮೀಟರು ಇತ್ತು, ಎಣ್ಣೆಯ ಒತ್ತಡ ತೋರಿಸುವುದು. ಅವತ್ತು ಅದರ ಮುಳ್ಳು ಬಿದ್ದ ಮೇಲೆ ಕಾರು ಬಿದ್ದದ್ದು. ಮುಳ್ಳು ಎದ್ದು ನಿಂತಿದ್ದರೆ ತಮ್ಮನೂ ನಿಂತಿರುತ್ತಾನೆ. ಚಿಕ್ಕ ಮಕ್ಕಳು ಕಥೆ ನಂಬುವ ಹಾಗೆ ಅವಳು ಅದನ್ನು ನಂಬಿದಳು.

ಅಂಗಡಿಯಲ್ಲಿ ಅವಳ ಕೈ ಮೊದಲು ಹೋದದ್ದು ತೆಳು ಎಣ್ಣೆಯ ಡಬ್ಬಕ್ಕೇ. ಬೆರಳು ತಾಕಿದ ಕೂಡಲೇ ಹೆಮ್ಲಾಕ್ ಮರ ಕಂಡಿತು. ಕೈ ಹಿಂದೆಗೆದಳು. ಕೆಳಗಿನ ಕಪಾಟಿನಲ್ಲಿ ಪಂದ್ಯದ ಕಾರುಗಳಿಗೆಂದು ಇಟ್ಟಿದ್ದ ಇಪ್ಪತ್ತು-ಐವತ್ತು ಎಂಬ ದರ್ಜೆಯ ಮಂದ ಎಣ್ಣೆ ಇತ್ತು. ಡಬ್ಬ ಅಲ್ಲಾಡಿಸಿದರೆ ಒಳಗೆ ಏನೋ ಸೋಮಾರಿಯಾಗಿ ಮಗ್ಗುಲು ಬದಲಿಸಿದ ಹಾಗಾಯಿತು. ಅದನ್ನು ತೆಗೆದುಕೊಂಡಳು. ಸಾಲದೆಂದು, ಎಣ್ಣೆಯನ್ನು ಇನ್ನಷ್ಟು ಮಂದ ಮಾಡುವ ಅಂಟಿನಂಥ ದ್ರವದ ಬಾಟಲಿ ಒಂದನ್ನೂ ತೆಗೆದುಕೊಂಡಳು.

ಮನೆಗೆ ಬಂದು ಇಂಜಿನ್ನಿಗೆ ಸುರಿಯುವಾಗ ಎಣ್ಣೆ ಹಗ್ಗದ ಹಾಗೆ ಇಳಿಯಿತು. ಇಂಜಿನ್ ಶುರು ಮಾಡಿದಾಗ ಮುಳ್ಳು ಎದ್ದು, ಮೀಟರಿನ ನೆತ್ತಿಯ ಹತ್ತಿರ ಹೋಗಿ ನಿಂತಿತು.

"ಅಬ್ಬ, ಇದೇನಕ್ಕ," ಎಂದ ಹಾಲಿಸ್. "ಪಾದ್ರಿ ಪ್ರವಚನಕ್ಕೆ ನಿಂತ ಹಾಗೆ ನಿಂತಿದೆಯಲ್ಲ."

ಅವತ್ತು ಡೆಲ್ಫಿ ಎಷ್ಟೋ ತಿಂಗಳ ಮೇಲೆ ಮೈಮರೆತು ಮಲಗಿದಳು.

ಅಕ್ಕ ತಮ್ಮ ಚಿಕ್ಕವರಿದ್ದಾಗ ಅವರ ಅಜ್ಜಿ ಓರ್ಫಾ ಒಂದು ಕಥೆ ಹೇಳುತ್ತಿದ್ದಳು. ಜಗಲಿಯಲ್ಲಿ ಕೂತು, ಚಳಿಗಾಲಕ್ಕೆಂದು ಒಣಗಿಸಲು ಹಸಿ ಬೀನ್ಸನ್ನು ದಾರಕ್ಕೆ ಪೋಣಿಸುತ್ತ ಹೇಳುತ್ತಿದ್ದಳು, ಆದ್ದರಿಂದ ಡೆಲ್ಫಿಗೆ ಆ ಕಥೆ ನೆನಪಾದಾಗಲೆಲ್ಲ ಬೀನ್ಸಿನ ವಾಸನೆಯೂ ಬರುತ್ತಿತ್ತು. ಹೆರಿಗೆ ಮಾಡಿಸಿ ಬೆಟ್ಟದ ದಾರಿಯಲ್ಲಿ ಕುದುರೆ ಮೇಲೆ ಹಿಂತಿರುಗುತ್ತಿದ್ದ ಸೂಲಗಿತ್ತಿಯ ಹಿಂದೆ ಚಿರತೆ ಬಿತ್ತಂತೆ. ಅದು ಹೆಂಗಸು ಅತ್ತ ಹಾಗೆ ಅಳುತ್ತ ಬರುತ್ತಿತ್ತಂತೆ. ಅವಳು ಶಾಲು ಎಸೆದಳು, ಚಿರತೆ ನಿಂತು ಅದನ್ನು ಹರಿಯಿತು, ಮತ್ತೆ ಬಂತು. ಟೋಪಿ ಎಸೆದಳು. ಲಂಗ ಎಸೆದಳು. ಒಂದೊಂದು ಬಟ್ಟೆ ಎಸೆದಾಗಲೂ ಅವಳಿಗೆ ಸ್ವಲ್ಪ ಸ್ವಲ್ಪ ದಾರಿ ಸಿಕ್ಕಿತು. ಕೊನೆಗೆ ಒಳಂಗಿಯಲ್ಲಿ ಮನೆಯ ಬಾಗಿಲಿಗೆ ಬಿದ್ದಳಂತೆ.

"ಮನೆ ಇನ್ನೂ ಸ್ವಲ್ಪ ದೂರ ಇದ್ದಿದ್ರೆ?" ಎಂದು ಚಿಕ್ಕ ಡೆಲ್ಫಿ ಕೇಳಿದ್ದಳು.

"ಆಗ ಎಸೆಯೋಕೆ ಅವಳೊಬ್ಬಳೇ ಉಳಿದಿರ್ತಿದ್ದಳು," ಎಂದಿದ್ದಳು ಅಜ್ಜಿ, ದಾರ ಹಲ್ಲಿನಲ್ಲಿ ಕಡಿಯುತ್ತ.

ಎಲೆಗಳು ಕೆಂಪಾಗುವ ಹೊತ್ತಿಗೆ, ಬೆಳಿಗ್ಗೆ ಇಂಜಿನ್ ಶುರುವಾದಾಗ ಮೇಲ್ಭಾಗದಲ್ಲಿ ಒಂದು ಟಿಕ್‌ಟಿಕ್ ಸದ್ದು ಕೇಳತೊಡಗಿತು. ಹೊಲಿಗೆ ಯಂತ್ರ ದೂರದ ಕೋಣೆಯಲ್ಲಿ ಓಡಿದ ಹಾಗೆ. ಡೆಲ್ಫಿಯ ಹಲ್ಲು ನೋಯಿತು. ಎಣ್ಣೆ ಹೊತ್ತಿಗೆ ಸರಿಯಾಗಿ ಮೇಲಕ್ಕೆ ತಲುಪುತ್ತಿಲ್ಲ ಎನ್ನುತ್ತಿತ್ತು ಹಲ್ಲು. ಅವಳು ಮುಳ್ಳನ್ನು ನೋಡಿದಳು, ಅದು ನೆತ್ತಿಯಲ್ಲಿಯೇ ಇತ್ತು. ಸಮಾಧಾನ ಮಾಡಿಕೊಂಡು ಇನ್ನೊಂದು ಬಾಟಲಿ ಅಂಟು ಸುರಿದಳು. ಒಂದು ವಾರ ಕಳೆದು, ಸವೆತ ತಡೆಯುತ್ತದೆಂದು ಯಾರೋ ಹೊಗಳಿದ ಇನ್ನೊಂದು ಔಷಧಿ. ಶಾಲು, ಟೋಪಿ, ಲಂಗ. ಅವಳು ಎಸೆಯುತ್ತ ಹೋದಳು. ಹಿಂದೆ ಬರುತ್ತಿದ್ದುದು ಪ್ರತಿಸಲವೂ ಸ್ವಲ್ಪ ಹೊತ್ತು ನಿಂತು, ಮತ್ತೆ ಹೊರಡುತ್ತಿತ್ತು.

ಆ ತಪ್ಪಲಿನ ಇಂಜಿನ್ ಕಟ್ಟುವವರಲ್ಲಿ ಒಂದು ರೂಢಿ ಇದೆ. ತೆಗೆದ ಎಣ್ಣೆ ಫಿಲ್ಟರನ್ನು ಅವರು ಹಾಗೇ ಬಿಸಾಡುವುದಿಲ್ಲ. ಎಣ್ಣೆ ಬಸಿಯಲು ಬಿಟ್ಟು, ಆಮೇಲೆ ಡಬ್ಬವನ್ನು ಸುತ್ತಲೂ ಕೊಯ್ದು, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಹಲಗೆಯ ಮೇಲೆ ಬಿಸಿಲಿಗೆ ಹರಡುತ್ತಾರೆ. ಕಣಿ ನೋಡುವವರ ಹಾಗೆ ಅದರ ಮೇಲೆ ಬಾಗಿ, ಲೋಹದ ಮಿಂಚು ಇದೆಯೇ ಎಂದು ಹುಡುಕುತ್ತಾರೆ. ಬೆಳ್ಳಿ ಬಣ್ಣದ ಹುಡಿ ಕಂಡರೆ ಬೇರಿಂಗಿನ ಮೇಲಿನ ಪದರ ಸವೆಯುತ್ತಿದೆ ಎಂದು ಅರ್ಥ. ತಾಮ್ರದ ಬಣ್ಣ ಕಂಡರೆ ಒಳಗಿನ ಪದರವೂ ಹೋಯಿತು. ತಾಮ್ರ ಕಂಡ ಮೇಲೆ ಯಾರೂ ಮಾತಾಡುವುದಿಲ್ಲ, ಸತ್ತವರೆದುರು ನಿಂತ ಹಾಗೆ ಟೋಪಿ ತೆಗೆಯುವುದೊಂದು ಬಾಕಿ.

ಡೆಲ್ಫಿ ಶನಿವಾರ ಹೊಸ ಫಿಲ್ಟರ್ ಹಾಕಿ, ಹಳೆಯದನ್ನು ಬಕೆಟ್ಟಿನ ಮೇಲೆ ಬೋರಲು ಹಾಕಿಟ್ಟಿದ್ದಳು. ಎಣ್ಣೆ ಎಷ್ಟು ಮಂದವಾಗಿತ್ತೆಂದರೆ, ಭಾನುವಾರವಿಡೀ ಬಸಿದರೂ ಮುಗಿಯಲಿಲ್ಲ. ಸೋಮವಾರ ಬೆಳಿಗ್ಗೆ ಎದ್ದಾಗ ಅಂಗಳದ ಹುಲ್ಲು ಬಿಳಿಯಾಗಿತ್ತು. ಆ ವರ್ಷದ ಮೊದಲ ಹಿಮ. ಕಾಲ ಕೆಳಗೆ ಹುಲ್ಲು ಗಾಜಿನ ಹಾಗೆ ಪುಡಿಯಾಗುತ್ತಿತ್ತು.

ಶೆಡ್ಡಿಗೆ ಹೋಗಿ ಫಿಲ್ಟರ್ ಕೊಯ್ದಳು. ಒಳಗಿನ ಕಾಗದದ ಮಡಿಕೆಗಳು ಒಂದರ ಮೇಲೊಂದು ಬಿದ್ದು ನುಜ್ಜಾಗಿದ್ದವು, ಯಾರೋ ಮುಷ್ಟಿಯಲ್ಲಿ ಹಿಡಿದು ಹಿಂಡಿದ ಹಾಗೆ. ಅದನ್ನು ಬಾಗಿಲ ಬಿಸಿಲಿಗೆ ಹಿಡಿದಳು. ಮಡಿಕೆಗಳ ನಡುವೆ ಬೆಳ್ಳಿಯ ಹುಡಿ, ಚಿಕ್ಕ ಮಕ್ಕಳು ಹಬ್ಬಕ್ಕೆ ಕೆನ್ನೆಗೆ ಹಚ್ಚಿಕೊಳ್ಳುವಂಥದು, ಮಿಣಮಿಣ ಎಂದಿತು.

ತಾಮ್ರ ಇರಲಿಲ್ಲ. ಇನ್ನೂ ಇರಲಿಲ್ಲ.

ಅವಳು ಅಲ್ಲಿಯೇ ಕುಕ್ಕುರುಗಾಲಿನಲ್ಲಿ ಕೂತಳು. ತಲೆ ಇಷ್ಟು ದಿನ ಹೇಳಿ ಹೇಳಿ ಸೋತಿದ್ದ ಮಾತನ್ನು ಈಗ ಎದೆ ಕೇಳಿಸಿಕೊಂಡಿತು. ಮುಳ್ಳು ತೋರಿಸುವುದು ಎಣ್ಣೆ ಎಷ್ಟು ಹೋಗುತ್ತಿದೆ ಎಂದಲ್ಲ, ಎಷ್ಟು ತಡೆದು ನಿಂತಿದೆ ಎಂದು. ಬಾಗಿಲಲ್ಲಿ ನೂಕುನುಗ್ಗಲು ಜೋರಾಗಿದೆ ಎಂದರೆ ಒಳಗೆ ಹೋದವರು ಕಡಿಮೆ. ಮಂದ ಎಣ್ಣೆ ಆ ಬಿಗಿ ಬೇರಿಂಗುಗಳ ಬಾಗಿಲಲ್ಲಿ ಗುಂಪುಗಟ್ಟಿ ನಿಂತಿದೆ, ಒಳಗೆ ಲೋಹಕ್ಕೆ ಲೋಹ ತಾಗುತ್ತಿದೆ, ಅವಳು ಹೊರಗೆ ನಿಂತು ಆ ಗುಂಪನ್ನು ನೋಡಿ ಜಾತ್ರೆಯೆಂದು ಖುಷಿಪಟ್ಟಿದ್ದಾಳೆ. ಅದೂ ಬೇಸಗೆಯ ಬಿಸಿಯಲ್ಲೇ ಹೀಗೆ. ಇವತ್ತು ಹಿಮ ಬಿದ್ದಿದೆ, ಚಳಿಗೆ ಎಣ್ಣೆ ಇನ್ನೂ ಮಂದವಾಗುತ್ತದೆ.

ಅಂಗಳದಲ್ಲಿ ಕೆಂಪು ಕಾರು ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಹುಲ್ಲು ಹಸಿರಾಗಿಯೇ ಇತ್ತು.

"ಅಜ್ಜಿ, ಹಾಲಿಸ್?"

"ಆಗಲೇ ಹೋದನಲ್ಲೇ," ಎಂದಳು ಓರ್ಫಾ ಜಗಲಿಯಿಂದ. "ಹೊತ್ತಾಯ್ತು ಅಂತ ಹಾರಿಕೊಂಡು ಹೋದ. ಹಾಂ, ನಿನಗೆ ಹೇಳು ಅಂದ. ಮುಳ್ಳು ಇವತ್ತು ಮೀಟರಿನ ಗೋಡೆಗೇ ತಲೆ ಕೊಟ್ಟು ನಿಂತಿದೆಯಂತೆ. ಅಕ್ಕ ಖುಷಿಪಡ್ತಾಳೆ ಅಂದ."

ಡೆಲ್ಫಿ ಫೋನು ಹಚ್ಚಿದಳು. ಅದು ಬೆಟ್ಟದೊಳಗೆಲ್ಲೋ ಹೋಗಿ ಬಿದ್ದು ಸುಮ್ಮನಾಯಿತು, ಘಾಟಿಯ ಮೇಲೆ ಯಾವ ಫೋನೂ ಬದುಕುವುದಿಲ್ಲ.

"ಏನಾಯ್ತೇ? ಮುಖ ಯಾಕೆ ಹಾಗಾಯ್ತು?"

"ಏನಿಲ್ಲ ಅಜ್ಜಿ."

"ಏನಿಲ್ಲ ಅನ್ನೋಳು ಬರಿಗಾಲಲ್ಲಿ ಟ್ರಕ್ ಹತ್ತಲ್ಲ."

ಅವಳು ಕೆಳಗೆ ನೋಡಿಕೊಂಡು, ಬೂಟಿನೊಳಗೆ ಕಾಲು ತುರುಕಿದಳು. ಊರಿನವರ ಗಾಡಿಗಳಿಗೆಂದು ಶೆಡ್ಡಿನಲ್ಲಿ ಇದ್ದ ತೆಳು ಎಣ್ಣೆಯ ಡಬ್ಬ, ಹೊಸ ಫಿಲ್ಟರ್, ಬಸಿಯುವ ತಟ್ಟೆ, ಸ್ಪ್ಯಾನರು, ಎರಡು ಹಲಗೆ ತುಂಡು, ಕೈಗೆ ಸಿಕ್ಕಿದ್ದನ್ನೆಲ್ಲ ಪಿಕಪ್ ಟ್ರಕ್ಕಿನ ಹಿಂಭಾಗಕ್ಕೆ ಎಸೆದು ಹೊರಟಳು.

ಘಾಟಿ ಹತ್ತುವಾಗ ಅವಳು ರಸ್ತೆಯನ್ನಲ್ಲ, ರಸ್ತೆಯ ಮೇಲಿನ ಕಪ್ಪು ಕಲೆಗಳನ್ನು ನೋಡುತ್ತಿದ್ದಳು. ಒಂದೊಂದು ಕಲೆಯೂ ಎಣ್ಣೆಯಂತೆ ಕಾಣುತ್ತಿತ್ತು, ಹತ್ತಿರ ಬಂದರೆ ಎಲೆಯೋ ನೆರಳೋ ಆಗುತ್ತಿತ್ತು. ಕಿಟಕಿ ಇಳಿಸಿ ಕಿವಿಗೊಟ್ಟಳು. ಚಳಿಗೆ ಕಿವಿ ಉರಿಯಿತು. ಕಾಡು ತನ್ನ ಬಾಯಿ ಮುಚ್ಚಿಕೊಂಡಿತ್ತು. ಹೆಮ್ಲಾಕ್ ಮರದ ತಿರುವು ಬಂತು. ಅವಳು ವೇಗ ತಗ್ಗಿಸಿ ನೋಡಿದಳು. ಮರ, ಅದರ ತೊಗಟೆಯ ಮೇಲೆ ಹಳೆಯ ಗಾಯ, ಬೇರೇನೂ ಇಲ್ಲ. ಅಂಚಿನ ಹುಲ್ಲಿನ ಮೇಲಿನ ಹಿಮ ಮುರಿದಿರಲಿಲ್ಲ.

ಹಾಲಿಸ್ ದಾರಿಯಲ್ಲಿ ಪೆಟ್ರೋಲ್ ಬಂಕಿನ ಹತ್ತಿರ ಕಾಫಿಗೆ ನಿಂತಿದ್ದಿರಬೇಕು. ಮೇಲಿನ ತಿರುವಿನಲ್ಲಿ, ಬೋಳು ಮರಗಳ ಸಂದಿಯಲ್ಲಿ, ಕೆಂಪು ಬಣ್ಣ ಸುಳಿಯಿತು. ಡೆಲ್ಫಿಯ ಕೈ ಹಾರ್ನಿನ ಮೇಲೆ ಬಿತ್ತು. ಉದ್ದಕ್ಕೆ ಒತ್ತಿದಳು. ದೀಪ ಮಿನುಗಿಸಿದಳು.

ಕೆಂಪು ಕಾರಿನ ಕಿಟಕಿಯಿಂದ ಒಂದು ಕೈ ಹೊರಗೆ ಬಂದು ಲವಲವಿಕೆಯಿಂದ ಬೀಸಿತು. ಪೀಂ ಪೀಂ ಎಂದು ಹಾರ್ನಿನಲ್ಲೇ ಉತ್ತರ ಬಂತು. ಆಮೇಲೆ ಟರ್ಬೊ ಸಿಳ್ಳೆ ಹೊಡೆಯಿತು, ಕಾರು ಚಿಮ್ಮಿ ತಿರುವಿನಾಚೆ ಹೋಯಿತು.

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಹದಿಹರೆಯದಲ್ಲಿ ಅಪ್ಪನ ಎರಡು ಮುದಿ ಗಾಡಿಗಳಲ್ಲಿ ಇದೇ ರಸ್ತೆಯಲ್ಲಿ ಅವರು ಬೆನ್ನಟ್ಟಿ ಆಡುತ್ತಿದ್ದರು. ಹಾರ್ನು ಹೊಡೆದರೆ ಹಿಡಿಯುತ್ತೇನೆ ಎಂದು, ಉತ್ತರ ಹೊಡೆದರೆ ಹಿಡಿ ನೋಡೋಣ ಎಂದು. ಮರದ ದಿನದಿಂದ ಅಕ್ಕ ಘಾಟಿಗೆ ಕಾಲಿಟ್ಟಿರಲಿಲ್ಲ. ಇವತ್ತು ಬಂದಿದ್ದಾಳೆ, ಆಡಲು ಬಂದಿದ್ದಾಳೆ ಎಂದುಕೊಂಡಿದ್ದ ಅವನು. ಎಷ್ಟು ಸಂತೋಷಪಟ್ಟಿರಬೇಕು.

ಮತ್ತೆ ಹಾರ್ನು ಹೊಡೆದಳು, ಬೇಡ ಬೇಡ ಎಂದು ಕೂಗಿದಳು. ಹಾರ್ನಿಗೆ ಬೇಡ ಎನ್ನಲು ಬರುವುದಿಲ್ಲ. ಮುಂದಿನ ನೇರ ದಾರಿಯಲ್ಲಿ ಕಂಡಾಗ ಅವನು ಇನ್ನೂ ಜೋರಾಗಿದ್ದ. ಅವಳು ವೇಗ ಹೆಚ್ಚಿಸಿದಷ್ಟೂ ಅವನು ಹೆಚ್ಚಿಸುತ್ತಿದ್ದ. ತೆರೆದ ಕಿಟಕಿಯಿಂದ ಆ ಇಂಜಿನ್ನಿನ ಸದ್ದು ಈಗ ಅವಳಿಗೆ ಕೇಳಿತು, ಹಲ್ಲಿನ ಬುಡದಲ್ಲಿ. ಸಿಳ್ಳೆಯ ಅಡಿಯಲ್ಲಿ ಒಂದು ಗೀರು. ಅಳುವಿನ ಹಾಗೆ.

ಅವಳು ಅವನನ್ನು ಬೆನ್ನಟ್ಟುತ್ತಿರಲಿಲ್ಲ, ಅಂಚಿನ ಕಡೆಗೆ ಅಟ್ಟುತ್ತಿದ್ದಳು.

ಏನು ಮಾಡಬೇಕೆಂದು ಅವಳಿಗೆ ಹೊಳೆಯಿತು, ಆದರೆ ಕಾಲು ಒಪ್ಪಲಿಲ್ಲ. ಕಾಲು ಮುಂದಕ್ಕೆ ಒತ್ತುತ್ತಲೇ ಇತ್ತು, ಇನ್ನೂ ಸ್ವಲ್ಪ ಹತ್ತಿರ, ಇನ್ನೂ ಸ್ವಲ್ಪ. ಅವಳು ಎರಡೂ ಕೈಯಿಂದ ಮೊಣಕಾಲು ಹಿಡಿದು ಎತ್ತಿದ ಹಾಗೆ ಕಾಲನ್ನು ಎತ್ತಿದಳು. ಬ್ರೇಕ್ ಒತ್ತಿದಳು. ಟ್ರಕ್ಕನ್ನು ಬಂಡೆಯ ಬದಿಗೆ ಒತ್ತರಿಸಿ, ದೀಪ ಆರಿಸಿ, ಇಂಜಿನ್ ಆರಿಸಿದಳು.

ಕೆಂಪು ಬಣ್ಣ ತಿರುವಿನಲ್ಲಿ ಕರಗಿತು. ಸಿಳ್ಳೆ ಸಣ್ಣದಾಗುತ್ತ ಹೋಗಿ, ಬೆಟ್ಟದ ಬೆನ್ನಿನಾಚೆ ಹೋಗಿ, ಇಲ್ಲವಾಯಿತು.

ಅವಳು ಕೂತಳು. ಅಷ್ಟು ಭಯದಲ್ಲಿ ಸುಮ್ಮನೆ ಕೂರುವುದೆಂದರೆ ಏನೆಂದು ಅವಳಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಕೈಗೆ ಸುರಿಯಲು ಬಾಟಲಿ ಇಲ್ಲ, ತಿರುಗಿಸಲು ಬೋಲ್ಟು ಇಲ್ಲ. ಲೋಹ ಕಿರುಚುವ ಸದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಿವಿ ಕಾಯುತ್ತಿತ್ತು. ಬಂಡೆಯಿಂದ ಕರಗಿದ ಹಿಮದ ಹನಿ ಟ್ರಕ್ಕಿನ ತಲೆಯ ಮೇಲೆ ಬಿದ್ದಾಗ ಅವಳು ಚೀರಿದಳು.

ಕನ್ನಡಿಯಲ್ಲಿ ಅಕ್ಕ ಕಾಣಿಸದಿದ್ದರೆ ತಮ್ಮ ಏನು ಮಾಡುತ್ತಾನೆ? ಗೆದ್ದೆ ಎಂದುಕೊಂಡು ಹೋಗಿಬಿಡಬಹುದು. ಕೆಲಸಕ್ಕೆ ಹೊತ್ತಾಗಿದೆ. ಹೋಗಿಬಿಡಬಹುದು.

ಬಹಳ ಹೊತ್ತಾದ ಮೇಲೆ, ಅಥವಾ ಅವಳಿಗೆ ಹಾಗನಿಸಿದ ಮೇಲೆ, ಇಂಜಿನ್ನಿನ ಸದ್ದು ಮತ್ತೆ ಕೇಳಿತು. ಮೆಲ್ಲಗೆ ಇಳಿದು ಬರುತ್ತಿತ್ತು. ಕೆಂಪು ಕಾರು ತಿರುವಿನಲ್ಲಿ ಕಂಡಾಗ ಹಾಲಿಸ್ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ರಸ್ತೆಯ ಅಂಚಿನ ಕೆಳಗೆ, ಪೊದೆಗಳೊಳಗೆ ನೋಡುತ್ತ ಬರುತ್ತಿದ್ದ.

"ಆರಿಸು," ಎಂದಳು ಅವಳು ರಸ್ತೆಗೆ ಇಳಿದು. "ಇಂಜಿನ್ ಆರಿಸು, ಹಾಲಿಸ್. ಈಗಲೇ."

ಅವನು ಆರಿಸಿ, ಇಳಿದು ಬಂದ. ಮುಖ ಸುಣ್ಣದ ಹಾಗಾಗಿತ್ತು. "ಎಲ್ಲಿ ಹಾಳಾಗಿ ಹೋಗಿದ್ದೆ ನೀನು? ಕನ್ನಡಿ ನೋಡ್ತೀನಿ, ನೀನಿಲ್ಲ. ಬಿದ್ದುಹೋದೆ ಅಂತ... ಅಕ್ಕ, ಎಲ್ಲಾ ತಿರುವಲ್ಲೂ ಮರ ಇರಲ್ಲ ಕಣೇ."

"ಗೊತ್ತು," ಎಂದಳು ಡೆಲ್ಫಿ. "ಆ ದಿನದಿಂದ ನನಗೆ ಅದೊಂದೇ ಗೊತ್ತಿರೋದು."

ಆಮೇಲೆ ಎಲ್ಲ ಹೇಳಿದಳು. ಫಿಲ್ಟರಿನ ಬೆಳ್ಳಿ ಹುಡಿ, ಮಂದ ಎಣ್ಣೆ, ಒಂದರ ಮೇಲೊಂದು ಸುರಿದ ಬಾಟಲಿಗಳು. ಹಾಲಿಸ್ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಕೇಳಿದ.

"ಮುಳ್ಳು ಮೇಲಿತ್ತಲ್ಲಕ್ಕ."

"ನನ್ನ ಹೆದರಿಕೆ ಮೇಲಿತ್ತು. ಮುಳ್ಳು ಅದನ್ನೇ ತೋರಿಸ್ತಿತ್ತು."

ಇಬ್ಬರೂ ಕಾರನ್ನು ನೂಕಿ ಮುಂದಿನ ಚಕ್ರಗಳನ್ನು ಹಲಗೆ ತುಂಡುಗಳ ಮೇಲೆ ಹತ್ತಿಸಿದರು. ಡೆಲ್ಫಿ ತಣ್ಣನೆಯ ರಸ್ತೆಯ ಮೇಲೆ ಬೆನ್ನು ಹಾಕಿ ಒಳಗೆ ತೂರಿದಳು. ಬೋಲ್ಟು ಬಿಚ್ಚಿದಾಗ ಬಿಸಿ ಎಣ್ಣೆ ಮೊಣಕೈವರೆಗೆ ಹರಿದು ಸುಟ್ಟಿತು, ಅವಳು ಕೈ ತೆಗೆಯಲಿಲ್ಲ. ತಟ್ಟೆಯನ್ನು ಬಿಸಿಲಿಗೆ ಎಳೆದು, ಅಂಗೈಯಲ್ಲಿ ಸ್ವಲ್ಪ ಎಣ್ಣೆ ಹಚ್ಚಿಕೊಂಡು ಓರೆ ಮಾಡಿ ನೋಡಿದಳು. ಬೆಳ್ಳಿ ಇತ್ತು. ಆ ಕಡೆ ಓರೆ ಮಾಡಿದಳು, ಈ ಕಡೆ ಓರೆ ಮಾಡಿದಳು. ಹಾಲಿಸ್ ಅವಳ ಅಂಗೈಯ ಮೇಲೆ ಬಾಗಿದ.

"ತಾಮ್ರ?" ಎಂದ.

"ಇಲ್ಲ."

ತೆಳು ಎಣ್ಣೆ ಕೆಳಗಿಳಿಯುವಾಗ ಸದ್ದು ಮಾಡಿತು, ಸಣ್ಣ ತೊರೆಯ ಹಾಗೆ. ಇಂಜಿನ್ ಶುರು ಮಾಡಿದಳು. ಟಿಕ್‌ಟಿಕ್ ಒಂದೆರಡು ಗಳಿಗೆ ಇದ್ದು, ನಿಂತಿತು. ಮುಳ್ಳು ಮೊದಲು ಎದ್ದಿತು, ಬಿಸಿಯಾಗುತ್ತ ಬಂದಂತೆ ಇಳಿಯತೊಡಗಿತು. ಇಳಿದು, ಇನ್ನೂ ಇಳಿದು, ಮೀಟರಿನ ಕೆಳಗಿನ ಮೂಲೆಯಲ್ಲಿ ಸೋತವರ ಹಾಗೆ ಒರಗಿತು.

"ಅಕ್ಕ, ಸಾಯ್ತಿದೆ ಇದು," ಎಂದ ಹಾಲಿಸ್ ಹಿಂದೆ ಸರಿದು.

"ಸುಮ್ಮನೆ ನಿಂತಾಗ ಇದು ಇರಬೇಕಾದ್ದೇ ಅಲ್ಲಿ. ಮನೆಗೆ ಒಯ್ದು ಬೇರಿಂಗ್ ಬಿಚ್ಚಿ ನೋಡ್ತೀನಿ. ಈಗ ಮೆಲ್ಲಗೆ ಇಳಿಸಬೇಕು ಅಷ್ಟೇ. ಹೇರಿಕೊಂಡು ಹೋಗೋಣ ಅಂದ್ರೆ ನಮ್ಮ ಟ್ರೇಲರು ಹುಲ್ಲು ಹೊತ್ತು ಎನಿಸ್ ಜೊತೆ ಹೋಗಿದೆ."

"ನಾನು ಓಡಿಸಲ್ಲ."

ಅವಳು ಅವನ ಮುಖ ನೋಡಿದಳು. ಮರಕ್ಕೆ ಬಡಿದು ಬಂದಾಗಲೂ ನಕ್ಕವನು. ಈಗ ಆ ಪುಟ್ಟ ಮುಳ್ಳಿನಿಂದ ಕಣ್ಣು ಕೀಳದೆ ದೂರ ನಿಂತಿದ್ದ. ಅದಕ್ಕೆ ಹೆದರಬೇಕೆಂದು ಕಲಿಸಿದವಳು ತಾನೇ. ಅವಳು ಟ್ರಕ್ಕಿನ ಕೀಲಿಯನ್ನು ಅವನ ಕೈಯಲ್ಲಿಟ್ಟು, ಕೆಂಪು ಕಾರಿನೊಳಗೆ ಕೂತಳು.

ಇಳಿಯುವ ದಾರಿಯಲ್ಲಿ ಪ್ರತಿ ತಿರುವಿಗೂ ಮುಳ್ಳು ಒಂದಿಷ್ಟು ಅಲುಗುತ್ತಿತ್ತು. ಎಡತಿರುವು ಬಂದಾಗ ಅವಳ ಕಣ್ಣು ಮುಳ್ಳಿನ ಮೇಲೆಯೇ ಅಂಟಿಕೊಂಡು ರಸ್ತೆಯನ್ನು ಮರೆಯಿತು, ಚಕ್ರ ಜಲ್ಲಿಗೆ ತಾಗಿ ಕರಕರ ಎಂದಿತು. ಆಗ ಅವಳು ಬಲವಂತವಾಗಿ ತಲೆಯೆತ್ತಿ ರಸ್ತೆ ನೋಡಿದಳು. ಅಂಗಳಕ್ಕೆ ಬಂದು ಇಂಜಿನ್ ಆರಿಸಿದ ಮೇಲೂ ಅವಳ ಬೆರಳುಗಳು ಸ್ಟೇರಿಂಗ್ ಬಿಡಲಿಲ್ಲ. ಹಾಲಿಸ್ ಬಂದು ಒಂದೊಂದಾಗಿ ಬಿಡಿಸಿದ.

ಬೇರಿಂಗುಗಳ ಮೇಲಿನ ಪದರ ಮಂಕಾಗಿತ್ತು, ಅಲ್ಲಲ್ಲಿ ಗೀರಿತ್ತು, ಅಷ್ಟೇ. ಹೊಸ ಜೋಡಿ ಹಾಕಿ, ಮತ್ತೆ ಅಳೆದು, ಪುಸ್ತಕ ಹೇಳಿದ ತೆಳು ಎಣ್ಣೆಯನ್ನೇ ತುಂಬಿದಳು. ಅದರ ಮೇಲೆ ಏನನ್ನೂ ಸುರಿಯಲಿಲ್ಲ. ಮತ್ತೊಂದು ಹಿಮದ ಬೆಳಿಗ್ಗೆ ಹಾಲಿಸ್ ಕಾರಿನಲ್ಲಿ ಕೂತು, ಇಂಜಿನ್ ಬೆಚ್ಚಗಾಗುವವರೆಗೆ ಕಾದ. ಮುಳ್ಳು ಇಳಿಯುವುದನ್ನು ಇಬ್ಬರೂ ನೋಡಿದರು.

"ಹೋಗ್ಲಾ ಅಕ್ಕ?" ಎಂದ. ಮೊದಲೆಲ್ಲ ಅವನು ಕೇಳುತ್ತಲೇ ಇರಲಿಲ್ಲ.

ಬೇಡ ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು. "ಹೋಗು," ಎಂದಳು.

ಕಾರಿನ ಸದ್ದು ಒಂದೊಂದು ತಿರುವಿನಲ್ಲೂ ಮುಳುಗಿ ಮತ್ತೆ ಎದ್ದು, ಕೊನೆಗೆ ಬೆಟ್ಟದ ಬೆನ್ನಿನಾಚೆ ಹೋಯಿತು. ಡೆಲ್ಫಿ ಅಂಗಳದಲ್ಲೇ ನಿಂತಿದ್ದಳು. ಒಳಗೆ ಬಾ ಎಂದು ಅಜ್ಜಿ ಎರಡು ಸಲ ಕರೆದಳು. ಫೋನು ಬರುವವರೆಗೆ ಅವಳ ಕೈ ಯಾವ ಸ್ಪ್ಯಾನರನ್ನೂ ಮುಟ್ಟಲಿಲ್ಲ.

"ಬಂದು ಮುಟ್ಟಿದೆ," ಎಂದ ಹಾಲಿಸ್. ಹಿಂದೆ ಮೀನಿನ ತೊಟ್ಟಿಗಳಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. "ಮುಳ್ಳು ಅರ್ಧಕ್ಕಿಂತ ಮೇಲೆ ಏಳಲೇ ಇಲ್ಲ, ದಾರಿಯುದ್ದಕ್ಕೂ. ನನಗೆ ತುಂಬಾ ಹೆದರಿಕೆಯಾಯ್ತು ಅಕ್ಕ."

"ನನಗೂ," ಎಂದಳು ಡೆಲ್ಫಿ. "ಸಾಯಂಕಾಲ ಅದರಲ್ಲೇ ಬಾ."